‘ಅವನೇ ಒಪ್ಪಿದ್ದ’ ಎಂಬ ಸಮರ್ಥನೆ

ಹಿಂಸೆ ತನ್ನ ನಿಜನಾಮದಿಂದ ಕರೆಸಿಕೊಳ್ಳುವುದು ಅಪರೂಪ. ಬಲಿಪೀಠದ ಮುಂದೆ ಅದು ಪುಣ್ಯವೆನಿಸುತ್ತದೆ, ಮನೆಯೊಳಗೆ ಶಿಸ್ತೆನಿಸುತ್ತದೆ, ಗೆಳೆಯರ ಗುಂಪಿನಲ್ಲಿ ತಮಾಷೆಯೆನಿಸುತ್ತದೆ. ಅಮೆರಿಕದ ಕಾಲೇಜುಗಳಲ್ಲಿ ತಲೆಮಾರುಗಳಿಂದ ನಡೆದುಬಂದಿರುವ ಒಂದು ಬಗೆಯ ಹಿಂಸೆಗೆ ಅಲ್ಲಿನವರು ಸಹೋದರತ್ವವೆಂದು ಹೆಸರಿಟ್ಟಿದ್ದಾರೆ. ಆ್ಯಂಡ್ರ್ಯೂ ನೀಲ್ ನಿರ್ದೇಶಿಸಿ 2016ರಲ್ಲಿ ತೆರೆಕಂಡ ‘ಗೋಟ್’ ಎಂಬ ಚಲನಚಿತ್ರವು ಆ ಹೆಸರಿನ ಸಿಪ್ಪೆಯನ್ನು ಸುಲಿದು ಒಳಗಿರುವುದನ್ನು ತೋರಿಸುತ್ತದೆ. ಗೋಟ್ ಎಂದರೆ ಆಡು. ಚಿತ್ರವನ್ನು ಕೊನೆಯವರೆಗೆ ಕುಳಿತು ನೋಡುವುದು ಕಷ್ಟ; ನೋಡಿದ ಮೇಲೆ ‘ಇದೆಲ್ಲ ಹುಡುಗಾಟ’ ಎನ್ನುವುದು ಇನ್ನೂ ಕಷ್ಟ. ಆದರೂ ಹಾಗೆನ್ನುವವರಿದ್ದಾರೆ. ಅವರ ಬಳಿ ಮೇಲುನೋಟಕ್ಕೆ ಬಲವಾದ ವಾದವೊಂದೂ ಇದೆ: ‘ಅವನನ್ನು ಯಾರೂ ಎಳೆದು ತರಲಿಲ್ಲ, ಅವನೇ ಒಪ್ಪಿ ಬಂದ.’ ಈ ಒಂದು ವಾಕ್ಯವನ್ನು ಪರೀಕ್ಷಿಸದೆ ಬಿಟ್ಟರೆ ಉಳಿದ ಖಂಡನೆಯೆಲ್ಲ ಬರಿಯ ಅಸಹ್ಯಪ್ರದರ್ಶನವಾಗಿ ಉಳಿಯುತ್ತದೆ.

ಗ್ರೀಕ್ ಅಕ್ಷರಗಳ ಹೆಸರು ಹೊತ್ತ ವಿದ್ಯಾರ್ಥಿ ಸಂಘಗಳಿಗೆ ಅಲ್ಲಿ ಫ್ರಾಟರ್ನಿಟಿ ಎನ್ನುತ್ತಾರೆ. ಶಬ್ದದ ಮೂಲ ಲ್ಯಾಟಿನ್ನಿನದು, ಅರ್ಥ ಸಹೋದರ ಸಂಬಂಧ. ಇಂದಿನ ಮಾದರಿಯ ಸಂಘಗಳು 1825ರಿಂದೀಚೆಗೆ ನ್ಯೂಯಾರ್ಕ್ ರಾಜ್ಯದ ಯೂನಿಯನ್ ಕಾಲೇಜಿನಲ್ಲಿ ಮೊದಲಾದವು. ಕಾಲಕ್ರಮದಲ್ಲಿ ಅವಕ್ಕೆ ಸ್ವಂತ ಮನೆಗಳಾದವು, ಗುಪ್ತ ವಿಧಿಗಳಾದವು, ಹಳೆಯ ಸದಸ್ಯರ ಹಣದ ಬೆಂಬಲ ದೊರಕಿತು. ಪದವಿ ಮುಗಿದ ಮೇಲೆ ಒಳ್ಳೆಯ ಉದ್ಯೋಗದ ಬಾಗಿಲು ತೆರೆಯಿಸುವ ಪರಿಚಯಗಳೂ ಅಲ್ಲಿಯೇ ಸಿಗುತ್ತವೆ. ಸೇರಬಯಸುವ ಹೊಸಬನನ್ನು ‘ಪ್ಲೆಡ್ಜ್’ ಎನ್ನುತ್ತಾರೆ, ಎಂದರೆ ಪ್ರತಿಜ್ಞೆಗೆ ಬದ್ಧನಾದ ಅಭ್ಯರ್ಥಿ. ಅವನನ್ನು ವಾರಗಟ್ಟಲೆ ಪರೀಕ್ಷೆಗೆ ಒಡ್ಡುವ ಪದ್ಧತಿ ಹಲವೆಡೆ ಇದೆ. ಅದರ ಕಡೆಯ ಘಟ್ಟಕ್ಕೆ ನರಕದ ವಾರವೆಂದೇ ಹೆಸರು. ಈ ಪರೀಕ್ಷೆಯ ಹಿಂಸೆಯೇ ಹೇಜಿಂಗ್. ನಮ್ಮ ದೇಶದ ವಾಚಕರಿಗೆ ರ‍್ಯಾಗಿಂಗ್ ಎಂಬ ಪಿಡುಗು ಚೆನ್ನಾಗಿ ತಿಳಿದದ್ದೇ. ಆದರೆ ಎರಡಕ್ಕೂ ಒಂದು ಭೇದವಿದೆ. ರ‍್ಯಾಗಿಂಗಿಗೆ ಸಿಕ್ಕಿಬೀಳುವವನು ಓದಲೆಂದು ಬಂದವನು. ಪೀಡಕರ ಸ್ನೇಹವನ್ನು ಅವನು ಬೇಡಿರುವುದಿಲ್ಲ. ಹೇಜಿಂಗಿಗೆ ಸಿಕ್ಕಿಬೀಳುವವನಾದರೋ ಆ ಬಾಗಿಲನ್ನು ತಾನೇ ತಟ್ಟಿರುತ್ತಾನೆ. ‘ಅವನೇ ಒಪ್ಪಿದ್ದ’ ಎಂಬ ಮಾತು ಇಷ್ಟು ಗಟ್ಟಿಯಾಗಿ ನಿಲ್ಲುವುದು ಈ ಭೇದದ ಮೇಲೆಯೇ.

ಚಿತ್ರದ ಆಧಾರ ಬ್ರ್ಯಾಡ್ ಲ್ಯಾಂಡ್ ಎಂಬಾತ 2004ರಲ್ಲಿ ಪ್ರಕಟಿಸಿದ ಆತ್ಮಕಥನ. ತೆರೆಯ ಮೇಲಿನ ವಿಶ್ವವಿದ್ಯಾಲಯವೂ ಸಂಘವೂ ಕಲ್ಪಿತ ಹೆಸರಿನವು. ಹತ್ತೊಂಬತ್ತು ವಯಸ್ಸಿನ ಬ್ರ್ಯಾಡ್ ಒಂದು ರಾತ್ರಿ ಗೋಷ್ಠಿಯೊಂದರಿಂದ ಹೊರಟಾಗ ಇಬ್ಬರು ಅಪರಿಚಿತರು ತಮ್ಮನ್ನು ಕಾರಿನಲ್ಲಿ ಬಿಡುವಂತೆ ಕೇಳುತ್ತಾರೆ. ಅವನು ಒಪ್ಪುತ್ತಾನೆ. ನಿರ್ಜನ ಸ್ಥಳದಲ್ಲಿ ಅವರು ಅವನನ್ನು ಜಜ್ಜಿ, ಕಾರನ್ನು ಅಪಹರಿಸಿ ಹೋಗುತ್ತಾರೆ. ಗಾಯಗಳು ಮಾಯುತ್ತವೆ, ತಾನು ಎದುರಿಸಿ ಹೊಡೆದಾಡಲಿಲ್ಲವೆಂಬ ನಾಚಿಕೆ ಮಾಯುವುದಿಲ್ಲ. ಆ ನಾಚಿಕೆಯನ್ನು ಹೊತ್ತು ಅವನು ತನ್ನ ಸಹೋದರ ಬ್ರೆಟ್ ಓದುತ್ತಿರುವ ವಿಶ್ವವಿದ್ಯಾಲಯಕ್ಕೆ ಬಂದು, ಬ್ರೆಟ್ ಸದಸ್ಯನಾಗಿರುವ ಸಂಘವನ್ನೇ ಸೇರಲು ಮುಂದಾಗುತ್ತಾನೆ. ಅಲ್ಲಿ ಗಂಡಸರಿದ್ದಾರೆ, ಅವರ ನಡುವೆ ಇನ್ನು ಯಾರೂ ತನ್ನನ್ನು ಮುಟ್ಟಲಾರರು ಎಂಬ ಭರವಸೆ ಅವನದು. ಅಲ್ಲಿ ಅವನಿಗೆ ದೊರೆಯುವುದು ಕಪಾಳಮೋಕ್ಷ, ಕೆಸರು, ಮೂತ್ರ, ವಾಂತಿಯಾಗುವವರೆಗೆ ಬಲವಂತದ ಕುಡಿತ, ಮತ್ತು ಎಡೆಬಿಡದ ಬೈಗುಳ.

ನಿರ್ದೇಶಕನು ಉಪದೇಶದ ಒಂದು ಮಾತನ್ನೂ ಆಡುವುದಿಲ್ಲ. ಎರಡು ಹೊಡೆತಗಳನ್ನು ಅಕ್ಕಪಕ್ಕದಲ್ಲಿ ಇಟ್ಟು ಸುಮ್ಮನಾಗುತ್ತಾನೆ. ಕತ್ತಲಲ್ಲಿ ಅಪರಿಚಿತರು ಹೊಡೆದದ್ದು ಅಪರಾಧ. ಅದಕ್ಕೆ ಪೊಲೀಸರಿದ್ದಾರೆ, ನ್ಯಾಯಾಲಯವಿದೆ, ಮನೆಯವರ ಕಣ್ಣೀರಿದೆ. ದೀಪದ ಬೆಳಕಿನಲ್ಲಿ ಪರಿಚಿತರು ಹೊಡೆದದ್ದು ಗೌರವ, ಅದಕ್ಕೆ ಚಪ್ಪಾಳೆಯಿದೆ. ಬಿದ್ದ ದೇಹ ಮಾತ್ರ ಎರಡು ಸಂದರ್ಭದಲ್ಲಿಯೂ ಒಂದೇ. ಹೊಡೆಯುವ ಕೈ ಯಾರದೆಂಬುದರಿಂದ ಹೊಡೆತದ ಸ್ವರೂಪ ಬದಲಾಗುವುದೇ? ಅಪರಿಚಿತರನ್ನು ಕಾರಿಗೆ ಹತ್ತಿಸಿಕೊಳ್ಳಲು ಕೂಡ ಬ್ರ್ಯಾಡ್ ‘ಒಪ್ಪಿದ್ದ’ನಲ್ಲವೇ? ಆ ಒಪ್ಪಿಗೆಯನ್ನು ಮುಂದೆಮಾಡಿ ದರೋಡೆಯನ್ನು ಸಮರ್ಥಿಸುವವರು ಯಾರೂ ಇಲ್ಲ.

ಒಪ್ಪಿಗೆಯೆಂದರೆ ಏನನ್ನು ಒಪ್ಪುವುದು? ಮುಂದೆ ಏನು ಕಾದಿದೆಯೆಂಬುದನ್ನು ಸಂಘವು ಗುಟ್ಟಾಗಿಡುತ್ತದೆ. ಆದುದರಿಂದ ಅಭ್ಯರ್ಥಿಯು ಒಪ್ಪುವುದು ಒಂದು ಹೆಸರನ್ನು, ವಿಧಿಯನ್ನಲ್ಲ. ಮೊದಲ ದಿನದ ಚಿಕ್ಕ ಅವಮಾನಕ್ಕೆ ಒಪ್ಪಿದವನು ಎರಡನೆಯ ದಿನದ ದೊಡ್ಡ ಅವಮಾನದ ಮುಂದೆ ನಿಂತಾಗ ಹಿಂದೆ ಸರಿದರೆ ಮೊದಲನೆಯದೂ ವ್ಯರ್ಥವಾಯಿತೆಂಬ ಲೆಕ್ಕ ಅವನನ್ನು ಕಟ್ಟಿಹಾಕುತ್ತದೆ. ನಡುವೆ ಮದ್ಯ ಬರುತ್ತದೆ. ವಿವೇಕವೇ ಇಲ್ಲದ ಸ್ಥಿತಿಗೆ ಒಬ್ಬನನ್ನು ತಂದು, ಆ ಸ್ಥಿತಿಯಲ್ಲಿ ಅವನು ತಲೆಯಾಡಿಸಿದ್ದನ್ನು ಸಮ್ಮತಿಯೆಂದು ಕರೆಯುವುದು ಭಾಷೆಗೇ ಮಾಡುವ ಅಪಚಾರ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಹುಡುಗನು ಪೂರ್ಣ ಎಚ್ಚರದಲ್ಲಿ, ಎಲ್ಲವನ್ನೂ ತಿಳಿದು ಒಪ್ಪಿದನೆಂದೇ ಇಟ್ಟುಕೊಳ್ಳೋಣ. ಆಗಲೂ ಹೊಡೆದವನು ನಿರ್ದೋಷಿಯಾಗುವುದು ಹೇಗೆ? ಹಿಂಸೆಯ ದೋಷವನ್ನು ಜೈನ ಆಚಾರ್ಯರು ತೂಗಿದ್ದು ಹಿಂಸೆ ಮಾಡಿದವನ ಭಾವದಿಂದ, ಅವನ ಪ್ರಮಾದದಿಂದ, ಅವನ ಕಷಾಯದಿಂದ. ಹೊಡೆಸಿಕೊಂಡವನು ಸಹಿ ಹಾಕಿದ ಚೀಟಿಯೊಂದು ಹೊಡೆದವನ ಎದೆಯೊಳಗಿನ ಕ್ರೌರ್ಯವನ್ನು ತೊಳೆಯುವುದೆಂದು ಯಾವ ಶಾಸ್ತ್ರವೂ ಹೇಳಲಿಲ್ಲ. ಅಮೆರಿಕದ ಕಾನೂನು ಕೂಡ ತಡವಾಗಿಯಾದರೂ ಇದೇ ಮಾತಿಗೆ ಬಂದಿದೆ: ಫ್ಲಾರಿಡಾ, ಟೆಕ್ಸಾಸ್ ಮೊದಲಾದ ರಾಜ್ಯಗಳಲ್ಲಿ ಪೀಡಿತನ ಒಪ್ಪಿಗೆಯಿತ್ತೆಂಬುದು ಆರೋಪಿಗೆ ರಕ್ಷಣೆಯಾಗದು.

ಇನ್ನು ಆಡಿನ ವಿಷಯ. ಚಿತ್ರದಲ್ಲಿ ಅಭ್ಯರ್ಥಿಗಳನ್ನೇ ಆಡುಗಳೆಂದು ಹೀಯಾಳಿಸುತ್ತಾರೆ. ಒಂದು ನಿಜವಾದ ಆಡನ್ನೂ ತಂದು ನಿಲ್ಲಿಸುತ್ತಾರೆ. ಇಟ್ಟ ಮದ್ಯವನ್ನು ಕುಡಿದು ಮುಗಿಸದಿದ್ದರೆ ಆ ಮೂಕಪ್ರಾಣಿಯ ಮೇಲೆ ಹೇಳಬಾರದ ನೀಚಕೃತ್ಯವನ್ನು ಎಸಗಬೇಕಾಗುವುದೆಂಬ ಬೆದರಿಕೆ ಬರುತ್ತದೆ. ‘ಬೆದರಿಕೆಯಷ್ಟೆ, ನಿಜಕ್ಕೂ ಮಾಡಿಸುವವರಿರಲಿಲ್ಲ’ ಎಂಬುದು ಇಂಥ ಸಂದರ್ಭಗಳಲ್ಲಿ ಕೇಳಿಬರುವ ಮಾಮೂಲು ಸಮಾಧಾನ. ಜನ್ನನ ‘ಯಶೋಧರ ಚರಿತೆ’ಯನ್ನು ಬಲ್ಲ ಕನ್ನಡ ವಾಚಕನಿಗೆ ಈ ಸಮಾಧಾನ ಹೊಸದೇನಲ್ಲ. ಅಲ್ಲಿ ಜೀವಂತ ಪ್ರಾಣಿಯನ್ನು ಕೊಲ್ಲಲೊಪ್ಪದ ಯಶೋಧರನು ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿಕೊಡುತ್ತಾನೆ. ಹಿಟ್ಟಿಗೆ ಪ್ರಾಣವೆಲ್ಲಿಯದು? ಆದರೆ ಕತ್ತಿಯೆತ್ತಿದ ಕೈಯ ಹಿಂದೆ ಸಂಕಲ್ಪವಿತ್ತು. ಆ ಸಂಕಲ್ಪಕ್ಕಾಗಿ ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರ ಪಶುಪಕ್ಷಿಗಳಾಗಿ ಹುಟ್ಟಿ ಕೊಲ್ಲಿಸಿಕೊಳ್ಳುತ್ತಾರೆ. ಆಡಾಗಿಯೂ ಹುಟ್ಟುತ್ತಾರೆ ಎಂಬುದನ್ನು ಇಲ್ಲಿ ನೆನೆಯಬಹುದು. ಹದಿಮೂರನೆಯ ಶತಮಾನದ ಆರಂಭದಲ್ಲಿಯೇ ಕನ್ನಡದ ಕವಿಯೊಬ್ಬನಿಗೆ ಸ್ಪಷ್ಟವಾಗಿದ್ದ ವಿಷಯ ಇದು: ಹುಸಿಹಿಂಸೆಯೆಂಬುದೊಂದು ಇಲ್ಲ. ಒಬ್ಬನ ಕಣ್ಣಲ್ಲಿ ನಿಜವಾದ ಭಯವನ್ನು ತರಿಸಿ ಅದರಲ್ಲಿ ಸುಖಪಟ್ಟವನ ಪಾಲಿಗೆ ಆ ಕೃತ್ಯ ಆಗಲೇ ನಡೆದುಹೋಗಿರುತ್ತದೆ. ಇನ್ನು ಆ ಆಡು? ಅದರ ಒಪ್ಪಿಗೆಯನ್ನಂತೂ ಯಾರೂ ಕೇಳಲಿಲ್ಲ. ಚಿತ್ರವನ್ನು ಕುರಿತ ಚರ್ಚೆಯಲ್ಲಿ ಹುಡುಗರ ಮಾನ ಹೋದದ್ದು ದೊಡ್ಡದಾಗುತ್ತದೆ, ಹಗ್ಗ ಕಟ್ಟಿಸಿಕೊಂಡು ನಿಂತ ಪಶು ಮರೆತುಹೋಗುತ್ತದೆ. ಮನುಷ್ಯನನ್ನು ಪಶುವಿನಂತೆ ನಡೆಸಿಕೊಂಡರೆಂದು ದೂರುವವರು ಪಶುವನ್ನು ಹಾಗೆ ನಡೆಸಿಕೊಳ್ಳಬಹುದೆಂದು ಮೊದಲೇ ಒಪ್ಪಿಬಿಟ್ಟಿರುತ್ತಾರೆ.

ಚಿತ್ರದಲ್ಲಿ ಮೈ ನಡುಗಿಸುವ ಪಾತ್ರ ಹುಡುಗರಲ್ಲಿ ಒಬ್ಬನಲ್ಲ. ಸಂಘದ ಹಳೆಯ ಸದಸ್ಯನೊಬ್ಬ, ವಯಸ್ಕ, ಒಂದು ರಾತ್ರಿ ಬರುತ್ತಾನೆ. ಚಿತ್ರದ ನಿರ್ಮಾಪಕರಲ್ಲಿ ಒಬ್ಬನಾದ ಜೇಮ್ಸ್ ಫ್ರಾಂಕೊ ಆ ಪಾತ್ರವನ್ನು ವಹಿಸಿದ್ದಾನೆ. ಹುಡುಗರ ಜೊತೆ ಕುಡಿಯುತ್ತಾನೆ, ತನ್ನ ಹೊಟ್ಟೆಗೆ ಗುದ್ದೆಂದು ಹೊಸಬನನ್ನು ಕೆಣಕುತ್ತಾನೆ, ತನ್ನ ಕಾಲದ ವೈಭವವನ್ನು ನೆನೆಯುತ್ತಾನೆ. ಅವನು ಯಾರನ್ನೂ ಪೀಡಿಸಬೇಕಾಗಿಲ್ಲ. ಅವನ ಮೆಚ್ಚುಗೆಯೇ ಸಾಕು. ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಅನುಮೋದಿಸುವುದು ಎಂದು ಪಾಪದ ಮೂರು ದಾರಿಗಳನ್ನು ಹಿರಿಯರು ಎಣಿಸಿದಾಗ ಮೂರನೆಯದನ್ನು ಹಗುರಾಗಿ ಕಂಡಿರಲಿಲ್ಲ. ಕೃತಕ್ಕೆ ಕಾರಣನಾದವನನ್ನು ಪೊಲೀಸರು ಹಿಡಿಯಬಹುದು. ಅನುಮೋದಿಸಿದವನು ಮರುದಿನ ಬೆಳಿಗ್ಗೆ ತನ್ನ ಕಚೇರಿಗೆ ಹೋಗುತ್ತಾನೆ, ಸಂಘಕ್ಕೆ ದೇಣಿಗೆ ಬರೆಯುತ್ತಾನೆ, ತನ್ನ ಮಗನೂ ಅಲ್ಲಿಯೇ ಸೇರಲೆಂದು ಬಯಸುತ್ತಾನೆ. ಪರರ ಸಂಕಟವನ್ನು ಕಂಡು ಆನಂದಿಸುವ ಮನಸ್ಸಿಗೆ ಹಿಂಸಾನಂದವೆಂದು ಹೆಸರಿಟ್ಟು ಅದನ್ನು ರೌದ್ರಧ್ಯಾನದ ಸಾಲಿಗೆ ಸೇರಿಸಿದ್ದರಲ್ಲಿ ಎಷ್ಟು ಸೂಕ್ಷ್ಮವಾದ ಮನಶ್ಶಾಸ್ತ್ರವಿದೆಯೆಂಬುದನ್ನು ಈ ಒಂದು ದೃಶ್ಯ ತಿಳಿಸುತ್ತದೆ.

ಆದರೆ ಬೈಸಿಕೊಂಡವನು, ಹೊಡೆಸಿಕೊಂಡವನು, ಮರುವರ್ಷ ತಾನೇ ಕೋಲು ಹಿಡಿಯುವುದೇಕೆ? ನೊಂದವನಿಗೆ ಕರುಣೆ ಹೆಚ್ಚಬೇಕಲ್ಲವೇ? 1959ರಲ್ಲಿ ಎಲಿಯಟ್ ಆ್ಯರನ್‌ಸನ್ ಮತ್ತು ಜಡ್ಸನ್ ಮಿಲ್ಸ್ ಎಂಬ ಮನೋವಿಜ್ಞಾನಿಗಳು ಪ್ರಕಟಿಸಿದ ಪ್ರಯೋಗವೊಂದು ಇದಕ್ಕೆ ಉತ್ತರ ಕೊಡುತ್ತದೆ. ಚರ್ಚಾಕೂಟವೊಂದನ್ನು ಸೇರಬಯಸಿದ ವಿದ್ಯಾರ್ಥಿನಿಯರಲ್ಲಿ ಕೆಲವರಿಗೆ ಅತ್ಯಂತ ಮುಜುಗರದ, ಅಶ್ಲೀಲ ಶಬ್ದಗಳನ್ನು ಗಟ್ಟಿಯಾಗಿ ಓದುವ ಪರೀಕ್ಷೆಯನ್ನಿಟ್ಟರು; ಕೆಲವರಿಗೆ ಸೌಮ್ಯವಾದ ಪರೀಕ್ಷೆ, ಇನ್ನು ಕೆಲವರಿಗೆ ಯಾವುದೂ ಇಲ್ಲ. ಅನಂತರ ಎಲ್ಲರಿಗೂ ಒಂದೇ ಚರ್ಚೆಯ ಧ್ವನಿಮುದ್ರಣವನ್ನು ಕೇಳಿಸಿದರು. ಆ ಚರ್ಚೆಯನ್ನು ಬೇಕೆಂದೇ ನೀರಸವಾಗಿ, ತಲೆಬುಡವಿಲ್ಲದಂತೆ ರಚಿಸಿದ್ದರು. ಅದನ್ನು ಹೆಚ್ಚು ಸ್ವಾರಸ್ಯಕರವೆಂದು ಹೊಗಳಿದವರು ಕಠಿಣ ಪರೀಕ್ಷೆಯನ್ನು ದಾಟಿ ಬಂದವರು. ಇಷ್ಟು ಅವಮಾನಪಟ್ಟು ಸೇರಿದ್ದು ನಿಸ್ಸಾರವೆಂದು ಒಪ್ಪಿಕೊಳ್ಳಲು ಮನಸ್ಸು ಹಿಂಜರಿಯುತ್ತದೆ. ಆದ್ದರಿಂದ ನಿಸ್ಸಾರವಾದದ್ದನ್ನೇ ಅಮೂಲ್ಯವೆಂದು ನಂಬುತ್ತದೆ. ‘ಹೇಜಿಂಗ್ ನಮ್ಮನ್ನು ಬೆಸೆಯಿತು’ ಎಂದು ಹಳೆಯ ಸದಸ್ಯರು ಹೇಳುವಾಗ ಅವರು ಸುಳ್ಳಾಡುತ್ತಿಲ್ಲ. ತಮಗೇ ತಾವು ಮೋಸಹೋಗಿರುತ್ತಾರೆ, ಅಷ್ಟೆ. ಮಾನಕಷಾಯ ಮಾಯಾಕಷಾಯವನ್ನು ಹೆರುವ ಬಗೆ ಇದು. ತನ್ನ ನೋವಿಗೆ ಅರ್ಥವಿತ್ತೆಂದು ಸಾಧಿಸಬೇಕಾದರೆ ಅದೇ ನೋವನ್ನು ಮುಂದಿನವನಿಗೂ ಉಣಿಸಬೇಕು. ನಿಲ್ಲಿಸಿದರೆ ತಾನು ಸುಮ್ಮನೆ ಹೊಡೆಸಿಕೊಂಡಂತಾಯಿತಲ್ಲ!

ಇಲ್ಲೊಂದು ಆಕ್ಷೇಪವನ್ನು ಎದುರಿಸದೆ ಮುಂದೆ ಹೋಗುವಂತಿಲ್ಲ. ಧರ್ಮಗಳಲ್ಲಿಯೂ ದೀಕ್ಷೆಯಿಲ್ಲವೇ, ದೀಕ್ಷೆಯಲ್ಲಿ ಕಷ್ಟವಿಲ್ಲವೇ, ಮುನಿಯಾಗುವವನು ತಲೆಗೂದಲನ್ನು ಕಿತ್ತುಕೊಳ್ಳುವುದಿಲ್ಲವೇ ಎಂದು ಸಂಘಗಳ ಪಕ್ಷಪಾತಿಯೊಬ್ಬನು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ, ಹೋಲಿಸಿ ನೋಡಿದರೆ ಉತ್ತರ ತಾನೇ ಕಾಣುತ್ತದೆ. ಕೇಶಲೋಚ ನಡೆಯುವುದು ಸಭೆಯ ಎದುರಿಗೆ, ಹಗಲಿನಲ್ಲಿ. ಅದಕ್ಕೆ ಮುನ್ನ ವರ್ಷಗಳ ಅಭ್ಯಾಸವಿದೆ. ಬ್ರಹ್ಮಚಾರಿ, ಕ್ಷುಲ್ಲಕ, ಐಲಕ ಎಂಬ ಮೆಟ್ಟಿಲುಗಳಿವೆ. ಬಂಧುಗಳ ಅನುಮತಿಯನ್ನು ಬೇಡುವ ಕ್ರಮವಿದೆ. ಮುಂದೆ ಏನಿದೆಯೆಂಬುದು ಸಾಧಕನಿಗೆ ಅಕ್ಷರಶಃ ಗೊತ್ತು. ಮದ್ಯದ ಮಾತಂತೂ ದೂರ. ಎಚ್ಚರವೇ ಅಲ್ಲಿನ ಮೊದಲ ಷರತ್ತು. ಎಲ್ಲಕ್ಕೂ ಮಿಗಿಲಾಗಿ ಕೈ ಅವನದೇ, ಕೂದಲೂ ಅವನದೇ. ಆ ನೋವಿನಿಂದ ಸುಖಪಡುವವನು ಒಬ್ಬನೂ ಅಲ್ಲಿರುವುದಿಲ್ಲ, ನೋಡುವವರ ಕಣ್ಣು ತೇವವಾಗಿರುತ್ತದೆ. ನೆಲಮಾಳಿಗೆಯಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿ ನಡೆಸುವುದನ್ನು ಇದರ ಪಕ್ಕದಲ್ಲಿಟ್ಟು ಅದನ್ನೂ ದೀಕ್ಷೆಯೆನ್ನುವವನು ಎರಡನ್ನೂ ಅರಿಯದವನು.

ಹೇಜಿಂಗ್ ಚಿತ್ರಕಥೆಗಾರರ ಅತಿಶಯೋಕ್ತಿಯೇ? ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ 1873ರಷ್ಟು ಹಿಂದೆಯೇ ಸಂಘವೊಂದನ್ನು ಸೇರಹೊರಟ ವಿದ್ಯಾರ್ಥಿ ರಾತ್ರಿಯ ವಿಧಿಯ ನಡುವೆ ಕಮರಿಗೆ ಬಿದ್ದು ಸತ್ತ. ಈ ಸಾವುಗಳ ಪಟ್ಟಿಯನ್ನು ದಶಕಗಳಿಂದ ಇಟ್ಟುಬಂದಿರುವ ಹ್ಯಾಂಕ್ ನ್ಯೂವರ್ ಎಂಬ ಪತ್ರಕರ್ತನ ಲೆಕ್ಕದಂತೆ 1959ರಿಂದ 2021ರವರೆಗೆ ಹೇಜಿಂಗಿಗೆ ಒಬ್ಬನಾದರೂ ಬಲಿಯಾಗದ ವರ್ಷವೇ ಇಲ್ಲ. 1978ರ ಚಳಿಗಾಲದಲ್ಲಿ ನ್ಯೂಯಾರ್ಕ್ ರಾಜ್ಯದ ಆಲ್‌ಫ್ರೆಡ್ ವಿಶ್ವವಿದ್ಯಾಲಯದ ಒಬ್ಬ ವಿದ್ಯಾರ್ಥಿಯನ್ನು ಮದ್ಯದ ಶೀಶೆಗಳ ಸಮೇತ ಕಾರಿನ ಹಿಂಭಾಗದ ಡಿಕ್ಕಿಯಲ್ಲಿ ಮುಚ್ಚಿ, ಎಲ್ಲವನ್ನೂ ಕುಡಿದು ಮುಗಿಸಿದರೆ ಹೊರಗೆ ಬಿಡುವುದಾಗಿ ಹೇಳಿದರು. ಅವನು ಆ ರಾತ್ರಿಯನ್ನು ದಾಟಲಿಲ್ಲ. ಅವನ ತಾಯಿ ಐಲೀನ್ ಸ್ಟೀವನ್ಸ್ ಆ ಶೋಕದಿಂದೆದ್ದು ಕಟ್ಟಿದ ಸಮಿತಿಯ ಹೆಸರನ್ನು ಕನ್ನಡಕ್ಕೆ ತಂದರೆ ‘ವ್ಯರ್ಥ ಕಾಲೇಜು ಹತ್ಯೆಗಳನ್ನು ತಡೆಯುವ ಸಮಿತಿ’ ಎಂದಾಗುತ್ತದೆ. ಅದರ ಇಂಗ್ಲಿಷ್ ಮೊದಲಕ್ಷರಗಳನ್ನು ಕೂಡಿಸಿದರೆ ಮಗನನ್ನು ಮನೆಯವರು ಕರೆಯುತ್ತಿದ್ದ ಹೆಸರು. ವರ್ಷಗಟ್ಟಲೆ ಆಕೆ ಊರೂರು ತಿರುಗಿ ಕಾಲೇಜುಗಳಲ್ಲಿ, ಸಂಘಗಳ ಸಭೆಗಳಲ್ಲಿಯೂ, ಮಾತನಾಡಿದರು.

2017ರ ಫೆಬ್ರವರಿಯಲ್ಲಿ ಪೆನ್ಸಿಲ್ವೇನಿಯಾ ರಾಜ್ಯ ವಿಶ್ವವಿದ್ಯಾಲಯದ ಸಂಘವೊಂದರ ಮನೆಯಲ್ಲಿ ನಡೆದದ್ದು ಇದಕ್ಕಿಂತಲೂ ಹೆಚ್ಚು ಯೋಚನೆಗೆ ಹಚ್ಚುವಂಥದು, ಏಕೆಂದರೆ ಅದನ್ನು ಮನೆಯ ಕಾವಲು ಕ್ಯಾಮರಾಗಳು ನೋಡುತ್ತಿದ್ದವು. ಹತ್ತೊಂಬತ್ತು ವರ್ಷದ ಅಭ್ಯರ್ಥಿಗೆ ಸರಸರನೆ ಮದ್ಯ ಕುಡಿಸಿದರು. ಅವನು ನೆಲಮಾಳಿಗೆಯ ಮೆಟ್ಟಿಲುಗಳಿಂದ ಉರುಳಿಬಿದ್ದ. ಸದಸ್ಯರು ಅವನನ್ನು ಎತ್ತಿ ತಂದು ಮಲಗಿಸಿದರು. ಮಗ್ಗುಲಾಗಿ ವಾಂತಿಯಲ್ಲಿ ಉಸಿರುಗಟ್ಟದಿರಲೆಂದು ಪುಸ್ತಕ ತುಂಬಿದ ಚೀಲವನ್ನು ಅವನ ಬೆನ್ನಿಗೆ ಏರಿಸಿದರು. ಅಪಾಯ ಅವರಿಗೆ ಗೊತ್ತಿತ್ತೆಂಬುದಕ್ಕೆ ಆ ಚೀಲವೇ ಸಾಕ್ಷಿ. ವೈದ್ಯಕೀಯ ಸಹಾಯಕ್ಕೆ ಕರೆ ಹೋದದ್ದು ಮಾತ್ರ ಸುಮಾರು ಹನ್ನೆರಡು ಗಂಟೆಗಳ ನಂತರ. ಆ ಹನ್ನೆರಡು ಗಂಟೆಗಳಲ್ಲಿ ಆ ಮನೆಯಲ್ಲಿ ಇದ್ದವರು ರಾಕ್ಷಸರಲ್ಲ. ಪರೀಕ್ಷೆಗೆ ಓದುವ, ಹಬ್ಬಕ್ಕೆ ಮನೆಗೆ ಹೋಗುವ ಹುಡುಗರು. ಅಲ್ಲೊಬ್ಬ ಹೊಸ ಸದಸ್ಯ ಸಹಾಯಕ್ಕೆ ಕರೆಯಿರೆಂದು ಒತ್ತಾಯಿಸಿದ, ಅವನ ಮಾತು ನಡೆಯಲಿಲ್ಲ. ಸಂಘದ ಹೆಸರು ಕೆಡುವುದೆಂಬ ಅಂಜಿಕೆ ಒಂದು ಪ್ರಾಣಕ್ಕಿಂತ ಭಾರವಾಗಿ ತೂಗಿತು. ‘ಗೋಟ್’ ಚಿತ್ರದಲ್ಲಿಯೂ ಬ್ರ್ಯಾಡ್‌ನ ಕೊಠಡಿಯ ಜೊತೆಗಾರ ಹೃದಯಾಘಾತದಿಂದ ಸತ್ತಾಗ ಸಂಘದೊಳಗೆ ಮೊದಲು ಹುಟ್ಟುವುದು ಶೋಕವಲ್ಲ, ಯಾರು ಬಾಯಿಬಿಡುತ್ತಾರೆಂಬ ಶಂಕೆ. ಚಿತ್ರ ತೆರೆಕಂಡು ಐದು ತಿಂಗಳೂ ಆಗಿರಲಿಲ್ಲ.

ಆ ಸಂಘದೊಳಗೆ ಮೊದಲು ಅಳುಕಿದವನು ಬ್ರೆಟ್, ಒಡಹುಟ್ಟಿದವನು. ಸಹೋದರತ್ವದ ಪಾಠವನ್ನು ಹಗಲಿರುಳು ಹೇಳಿಸಿಕೊಂಡ ಮನೆಯಲ್ಲಿ, ಕಣ್ಣೆದುರು ನಡೆಯುತ್ತಿರುವುದನ್ನು ನೋಡಲಾರದೆ ಮುಖ ತಿರುಗಿಸಿದವನು ನಿಜವಾದ ಸಹೋದರನೇ. ಅವನೂ ಹಿಂದೆ ಇದನ್ನೆಲ್ಲ ಮಾಡಿಸಿಕೊಂಡವನು, ಬೇರೆಯವರಿಗೆ ಮಾಡಿದವನು. ಎದುರಿಗೆ ತನ್ನವನು ಮಂಡಿಯೂರಿದಾಗ ಮಾತ್ರ ಅವನಿಗೆ ಕಾಣಿಸಿತು. ಇದು ಅವನ ಗುಣವೂ ಹೌದು, ದೋಷವೂ ಹೌದು: ಉಳಿದ ಅಭ್ಯರ್ಥಿಗಳಿಗೂ ಎಲ್ಲೋ ಒಡಹುಟ್ಟಿದವರಿದ್ದರು.

ಪೆನ್ಸಿಲ್ವೇನಿಯಾ ರಾಜ್ಯವು 2018ರಲ್ಲಿ ಸತ್ತ ಆ ಹುಡುಗನ ಹೆಸರಿನಲ್ಲಿಯೇ ಕಾನೂನೊಂದನ್ನು ತಂದು, ಮರಣ ಅಥವಾ ಗಂಭೀರ ಗಾಯಕ್ಕೆ ಕಾರಣವಾಗುವ ಹೇಜಿಂಗನ್ನು ಘೋರ ಅಪರಾಧದ ವರ್ಗಕ್ಕೆ ಸೇರಿಸಿತು. ಇಡೀ ದೇಶಕ್ಕೆ ಅನ್ವಯಿಸುವ ಮೊದಲ ಶಾಸನ ಬಂದದ್ದು 2024ರ ಡಿಸೆಂಬರಿನಲ್ಲಿ, ಎಂದರೆ ಕಾರ್ನೆಲ್‌ನ ಆ ಸಾವಿನಿಂದ ನೂರೈವತ್ತೊಂದು ವರ್ಷಗಳ ನಂತರ. ಅದು ಯಾರನ್ನೂ ಸೆರೆಮನೆಗೆ ಕಳುಹಿಸುವ ಶಾಸನವಲ್ಲ. ಒಕ್ಕೂಟ ಸರ್ಕಾರದ ನೆರವು ಪಡೆಯುವ ಕಾಲೇಜುಗಳು ತಮ್ಮಲ್ಲಿ ವರದಿಯಾದ ಹೇಜಿಂಗ್ ಪ್ರಕರಣಗಳನ್ನು ವಾರ್ಷಿಕ ಸುರಕ್ಷಾ ವರದಿಯಲ್ಲಿ ಎಣಿಸಬೇಕು. ತಪ್ಪಿತಸ್ಥವೆಂದು ಕಂಡ ಸಂಘಗಳ ಪಟ್ಟಿಯನ್ನು ಸಾರ್ವಜನಿಕವಾಗಿ ಪ್ರಕಟಿಸಬೇಕು. ಸಂಘದ ಹೆಸರು, ನಡೆದದ್ದರ ಸ್ಥೂಲ ವಿವರ, ದಿನಾಂಕಗಳು ಅದರಲ್ಲಿರಬೇಕು. ಬಾಗಿಲು ತಟ್ಟುವ ಮುನ್ನ ಹುಡುಗನೂ ಅವನ ತಂದೆತಾಯಿಯೂ ಆ ಪಟ್ಟಿಯನ್ನು ತೆರೆದು ಓದಬಹುದು.